ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಯಾವ ಕಂಪ್ಯೂಟರ್, ಯಾವ ಸಾಫ್ಟ್‌ವೇರ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಹಾಸನದಲ್ಲಿ. ಮನೆಯ ಹಿಂಬದಿಯ ಸಣ್ಣ ರೂಮಿನಲ್ಲಿ ಹತ್ತು ವರ್ಷದಿಂದ ರೆಕಾರ್ಡಿಂಗ್ ಮಾಡುತ್ತಿದ್ದೇನೆ. ದೇವರನಾಮ, ಭಾವಗೀತೆ, ಸೋಬಾನೆ ಪದ, ಮಕ್ಕಳ ಕೀಬೋರ್ಡು, ಹೀಗೆ ಬಂದದ್ದೆಲ್ಲ. ದೊಡ್ಡ ಸ್ಟುಡಿಯೋ ಏನಲ್ಲ. ಆದರೂ ಯಾರಿಂದಲೋ ನಂಬರ್ ಇಸ್ಕೊಂಡು ಫೋನ್ ಮಾಡುವವರು ವಾರಕ್ಕೆ ಇಬ್ಬರು ಮೂವರಾದರೂ ಇರುತ್ತಾರೆ, ಎಲ್ಲರೂ ಕೇಳುವುದು ಹೆಚ್ಚು ಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಮುಕ್ಕಾಲು ಗಂಟೆ ಮಾತಾಡಿ ಮಾತಾಡಿ ಸಾಕಾಯ್ತು, ಅದಕ್ಕೇ ಬರೆದು ಇಟ್ಟಿದ್ದೇನೆ.

ಹೊಸ ಕಂಪ್ಯೂಟರ್ ತಗೊಳ್ಳಲೇಬೇಕಾ?

ಬಹಳ ಸಲ ಬೇಡ. ಮನೆಯಲ್ಲಿ ಈಗಾಗಲೇ ಏನಿದೆ ಅಂತ ಮೊದಲು ನೋಡಿ. ಒಬ್ಬರು ಹಾಡಿ, ಜೊತೆಗೆ ಒಂದು ಹಾರ್ಮೋನಿಯಂ, ತಬಲ, ಒಂದು ತಾಳ ಅಂತ ಹತ್ತು ಹದಿನೈದು ಟ್ರ್ಯಾಕ್ (ಬೇರೆ ಬೇರೆಯಾಗಿ ಹಿಡಿದ ಧ್ವನಿಯ ಪದರ) ಆಗುವ ಕೆಲಸಕ್ಕೆ ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಧ್ವನಿ ರೆಕಾರ್ಡ್ ಮಾಡುವುದು ಕಂಪ್ಯೂಟರ್‌ಗೆ ಭಾರದ ಕೆಲಸವೇ ಅಲ್ಲ. ಒಂದು ಮೈಕಿನ ಧ್ವನಿಯನ್ನು 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಹಿಡಿದರೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ, ಅಷ್ಟೇ. ಫೋನಿನಲ್ಲಿ ತೆಗೆಯುವ ವಿಡಿಯೋ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಭಾರ ಬೀಳುವುದು ಆಮೇಲೆ. ಪ್ರತಿ ಟ್ರ್ಯಾಕಿಗೂ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಿದಾಗ, ಕಂಪ್ಯೂಟರ್ ಒಳಗಿನ ವಾದ್ಯಗಳನ್ನೇ ನುಡಿಸಿದಾಗ. ಸಿನಿಮಾ ಹಾಡಿನ ಹಾಗೆ ನಲವತ್ತು ವಯೊಲಿನ್ ಕೇಳಿಸಬೇಕು ಅಂದರೆ ಮಾತ್ರ ಗಟ್ಟಿ ಮೆಷಿನ್ ಬೇಕು.

ಮೊಬೈಲೇ ಸಾಕಾಗಲ್ವಾ?

ಕಲಿಯುವುದಕ್ಕೆ ಸಾಕು. ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ಉಚಿತ. ಆಂಡ್ರಾಯ್ಡ್‌ನ ತೊಂದರೆ ಏನೆಂದರೆ ಅನೇಕ ಫೋನುಗಳಲ್ಲಿ ನೀವು ಹಾಡಿದ್ದು ನಿಮ್ಮ ಕಿವಿಗೆ ತಡವಾಗಿ ಬರುತ್ತದೆ, ಹಳೆಯ ಟ್ರ್ಯಾಕಿನ ಮೇಲೆ ಹೊಸದು ಹಾಡುವಾಗ ತಾಳ ತಪ್ಪುತ್ತದೆ. ಇನ್ನೊಂದು ಮಾತು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ವಾಯ್ಸ್ ಮೆಸೇಜ್ ಆಗಿ ಹಾಡಿ ಕಳಿಸಿ 'ಇದನ್ನೇ ಮಿಕ್ಸ್ ಮಾಡಿ ಅಣ್ಣಾ' ಅನ್ನುವವರು ಇದ್ದಾರೆ. ಹಿಂಡಿದ ಕಬ್ಬಿನ ಸಿಪ್ಪೆ ಅದು, ಅದರಲ್ಲಿ ರಸ ಎಲ್ಲಿಂದ ತರಲಿ.

ಲ್ಯಾಪ್‌ಟಾಪ್ ಒಳ್ಳೇದಾ, ಡೆಸ್ಕ್‌ಟಾಪ್ ಒಳ್ಳೇದಾ?

ಪುಸ್ತಕದ ಲೆಕ್ಕದಲ್ಲಿ ಡೆಸ್ಕ್‌ಟಾಪ್. ಅದೇ ದುಡ್ಡಿಗೆ ಜಾಸ್ತಿ ಶಕ್ತಿ ಸಿಗುತ್ತದೆ, ಬೇಕಾದಾಗ ರ್‍ಯಾಮ್ ಸೇರಿಸಬಹುದು, ಕೆಟ್ಟರೆ ರಿಪೇರಿ ಸುಲಭ. ಆದರೆ ನಮ್ಮ ಕಡೆಯವರಿಗೆ, ಅದರಲ್ಲೂ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ನಾನು ಹೇಳುವುದು ಲ್ಯಾಪ್‌ಟಾಪ್. ಕಾರಣ ಒಂದೇ, ಕರೆಂಟು.

ನನ್ನ ಮೊದಲ ಮೆಷಿನ್ ಡೆಸ್ಕ್‌ಟಾಪ್. ಯುಪಿಎಸ್ ಆಮೇಲೆ ತಗೊಳ್ಳೋಣ ಅಂತ ಬಿಟ್ಟಿದ್ದೆ. ಒಂದು ಜುಲೈನಲ್ಲಿ ಅದನ್ನು ಕಾರಿನ ಹಿಂದೆ ಹಾಕಿಕೊಂಡು ಸಕಲೇಶಪುರದ ಹತ್ತಿರ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ, ಅವರ ಬಾಯಲ್ಲಿರುವ ಸೋಬಾನೆ ಪದಗಳನ್ನು ಹಿಡಿದಿಡೋಣ ಅಂತ. ಎಲೆ ಅಡಿಕೆ ಉಗಿದು ಬಂದು, ಸೆರಗು ಸರಿ ಮಾಡಿಕೊಂಡು ಕೂತು, ಮೈಕನ್ನು ಒಂದು ಸಲ ಅನುಮಾನದಿಂದ ನೋಡಿ ಶುರು ಮಾಡಿದರು. ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಿಸಲಿಲ್ಲ. ಕೊನೆಯ ಪದ ಅರ್ಧಕ್ಕೆ ಬಂದಿದೆ, ಟಪ್ ಅಂತ ಕರೆಂಟ್ ಹೋಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವರು 'ಹೋದ್ರೆ ಹೋಗ್ಲಿ ಬಿಡು ಮಗ, ಇನ್ನೊಂದ್ಸಲ ಹೇಳ್ತೀನಿ' ಅಂದರು. ಆದರೆ ಇನ್ನೊಂದು ಸಲ ಹೇಳಿದ್ದು ಇನ್ನೊಂದೇ ಪದ ಆಗುತ್ತದೆ, ಅಲ್ವಾ.

ಮನೆಗೆ ಬಂದು ಫೋಲ್ಡರ್ ತೆಗೆದು ನೋಡಿದರೆ ಪ್ರಾಜೆಕ್ಟ್ ಫೈಲ್ ಇರಲಿಲ್ಲ, ಆದರೆ ಒಂದು ವೇವ್ ಫೈಲ್ ಇತ್ತು. 190 ಎಂಬಿ. ಯಾವುದರಲ್ಲಿ ತೆರೆದರೂ ಖಾಲಿ. ನಿಮಿಷಕ್ಕೆ 8.64 ಎಂಬಿ ಅಂತ ಲೆಕ್ಕ ಹಾಕಿದರೆ 22 ನಿಮಿಷ, ಅಂದರೆ ಹಾಡು ಅಷ್ಟೂ ಒಳಗೇ ಇದೆ! ವೇವ್ ಫೈಲಿನ ತಲೆಭಾಗದಲ್ಲಿ 'ಇಷ್ಟು ಉದ್ದ ಇದ್ದೇನೆ' ಅಂತ ಬರೆದಿರುತ್ತದೆ, ಅದನ್ನು ಪೂರ್ತಿ ಮಾಡುವುದು ನಾವು ಸ್ಟಾಪ್ ಒತ್ತಿದಾಗ. ನಾನು ಸ್ಟಾಪ್ ಒತ್ತಿರಲಿಲ್ಲ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಇಂಪೋರ್ಟ್ ಕೆಳಗೆ ರಾ ಡೇಟಾ ಅಂತ ಇದೆ, ಅದರಲ್ಲಿ 24 ಬಿಟ್, ಮೊನೊ, 48000 ಅಂತ ಕೊಟ್ಟು ತೆರೆದೆ. ಶುರುವಲ್ಲಿ ಒಂದು ಟಕ್ ಅನ್ನುವ ಸದ್ದು, ಆಮೇಲೆ ದೊಡ್ಡಮ್ಮ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ನಿಮಗೂ ಹೀಗಾದರೆ ಫೈಲ್ ಡಿಲೀಟ್ ಮಾಡಬೇಡಿ, ಮೊದಲು ಸೈಜ್ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಒಳಗೇ ಇರುತ್ತದೆ, ಈ ತಲೆನೋವೇ ಇಲ್ಲ. ಹೊತ್ತುಕೊಂಡು ಹೋಗಲೂ ಆಗುತ್ತದೆ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಯುಪಿಎಸ್ ಇಲ್ಲದೆ ರೆಕಾರ್ಡ್ ಬಟನ್ ಒತ್ತಬೇಡಿ.

ಐ5 ಸಾಕಾ, ಐ7 ಬೇಕಾ?

ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ದರ್ಜೆ. ಸ್ಟಿಕ್ಕರ್ ನೋಡಿ ಮೋಸ ಹೋಗಬೇಡಿ. ಐ5, ಐ7 ಅನ್ನುವುದಕ್ಕಿಂತ ಎಷ್ಟನೇ ತಲೆಮಾರು ಅನ್ನುವುದು ಮುಖ್ಯ. ಐ5-8250ಯು ಅಂತ ಇದ್ದರೆ ಮೊದಲ ಅಂಕೆ 8, ಅಂದರೆ ಎಂಟನೇ ತಲೆಮಾರು. ಇಂಟೆಲ್‌ನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬರುವ ಯು ಅಕ್ಷರದ ಚಿಪ್‌ಗಳು ಏಳನೇ ತಲೆಮಾರಿನವರೆಗೆ ಐ5 ಆಗಲಿ ಐ7 ಆಗಲಿ ಬರೀ ಎರಡು ಕೋರ್. 2017ರಲ್ಲಿ ಎಂಟನೇ ತಲೆಮಾರು ಬಂದಾಗ ಅದು ನಾಲ್ಕಾಯಿತು. ಹಾಗಾಗಿ ನಾಲ್ಕನೇ ತಲೆಮಾರಿನ ಐ7 ಕೊಡುತ್ತೇನೆ ಅಂತ ಅಂಗಡಿಯವರು ಹೇಳಿದರೆ, ಎಂಟನೇ ತಲೆಮಾರಿನ ಐ5 ಇದೆಯಾ ಅಂತ ಕೇಳಿ. ಎಎಂಡಿ ರೈಜನ್ ಕೂಡ ಆರಾಮಾಗಿ ನಡೆಯುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬೇಡ. ಗೇಮಿಂಗ್ ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ, ಫ್ಯಾನ್ ಸದ್ದು ಮೈಕಿನಲ್ಲಿ ರಾಗಿ ಮಿಲ್ಲಿನ ಹಾಗೆ ಕೇಳುತ್ತದೆ.

ರ್‍ಯಾಮ್ ಎಷ್ಟಿರಬೇಕು? ಎಸ್‌ಎಸ್‌ಡಿ ಬೇಕೇ ಬೇಕಾ?

ಎಸ್‌ಎಸ್‌ಡಿ ಬೇಕೇ ಬೇಕು. ಹಳೆಯ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಖರ್ಚು ಮಾಡುವುದಾದರೆ ಇದನ್ನು ಮಾಡಿ. ತಿರುಗುವ ಹಾರ್ಡ್‌ಡಿಸ್ಕ್ ನಿಧಾನ, ಜೊತೆಗೆ ಕಿರಕಿರ ಸದ್ದು ಬೇರೆ. ರ್‍ಯಾಮ್ 8 ಜಿಬಿಯಲ್ಲಿ ಶುರು ಮಾಡಬಹುದು, 16 ಇದ್ದರೆ ನೆಮ್ಮದಿ. ತಬಲ, ಪಿಯಾನೊ, ವಯೊಲಿನ್ ಸ್ಯಾಂಪಲ್‌ಗಳು (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ನಾದಗಳು) ರ್‍ಯಾಮ್‌ನಲ್ಲಿ ಬಂದು ಕೂರುತ್ತವೆ, ಅವನ್ನು ಬಳಸುವವರು 16ಕ್ಕೆ ಕಮ್ಮಿ ಹೋಗಬೇಡಿ. ಜಾಗದ ಲೆಕ್ಕ ಹೀಗಿದೆ: ನಾಲ್ಕು ನಿಮಿಷದ ಹಾಡು, ಹದಿನಾರು ಟ್ರ್ಯಾಕ್, ಸುಮಾರು 550 ಎಂಬಿ. ಒಂದೇ ಸಾಲಿಗೆ ಐದು ಟೇಕ್ ತಗೊಳ್ಳುವ ಚಾಳಿ ಎಲ್ಲರಿಗೂ ಇರುತ್ತದೆ, ಹಾಗಾಗಿ ಹಾಡಿಗೆ ಒಂದೂವರೆ ಎರಡು ಜಿಬಿ ಅಂದುಕೊಳ್ಳಿ. 512 ಜಿಬಿ ಎಸ್‌ಎಸ್‌ಡಿ ತುಂಬಾ ದಿನ ಬರುತ್ತದೆ. ಮುಗಿದ ಹಾಡುಗಳನ್ನು ಹೊರಗಿನ ಒಂದು ಹಾರ್ಡ್‌ಡಿಸ್ಕ್‌ಗೆ ಹಾಕಿಡಿ, ಅದರಿಂದ ಇನ್ನೊಂದಕ್ಕೂ ಹಾಕಿಡಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನಂಬಬಹುದಾ?

ನಂಬಬಹುದು, ನೋಡಿ ತಗೊಂಡರೆ. ದೊಡ್ಡ ಕಂಪನಿಗಳಲ್ಲಿ ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳು ಬೇಕಾದಷ್ಟು ಸಿಗುತ್ತವೆ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಇವೆಲ್ಲ 2018ರ ಆಸುಪಾಸಿನವು, ಎಂಟನೇ ತಲೆಮಾರು, ರ್‍ಯಾಮ್ ಬಿಚ್ಚಿ ಹಾಕಬಹುದು. ಟಿ480 ತಗೊಳ್ಳುವಾಗ ಕೊನೆಯಲ್ಲಿ ಎಸ್ ಅಕ್ಷರ ಇದೆಯಾ ನೋಡಿ. ಟಿ480ಎಸ್ ತೆಳ್ಳಗೆ ಚೆನ್ನಾಗಿರುತ್ತದೆ, ಆದರೆ ರ್‍ಯಾಮ್‌ನ ಒಂದು ಭಾಗ ಬೋರ್ಡಿಗೇ ಬೆಸೆದಿರುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ ನೋಡಿ ಎದ್ದು ಬರಬೇಡಿ. ನಾನು ಹಾಗೆ ಮಾಡಿ ಪೆಟ್ಟು ತಿಂದಿದ್ದೇನೆ. ಅಂಗಡಿಯಲ್ಲಿ ಬೆಣ್ಣೆಯ ಹಾಗಿತ್ತು, ಮನೆಗೆ ತಂದು ಅರ್ಧ ಗಂಟೆ ಆಗುವುದರೊಳಗೆ ಫ್ಯಾನ್ ಚೀರಲು ಶುರು ಮಾಡಿತು. ಬಿಚ್ಚಿಸಿದರೆ ಒಳಗೆ ಧೂಳಿನ ಹಾಸಿಗೆ, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿತ್ತು. ಸಣ್ಣ ಸರ್ವಿಸ್‌ನಲ್ಲಿ ಸರಿಹೋಯಿತು, ಆದರೆ ಆ ದಿನ ಬಂದಿದ್ದ ಹಾಡುಗಾರರು ಸುಮ್ನೆ ಕಾಫಿ ಕುಡಿದು ವಾಪಸ್ ಹೋದರು. ಅಂಗಡಿಯಲ್ಲೇ ಒಂದು ಯೂಟ್ಯೂಬ್ ವಿಡಿಯೋ ಹಾಕಿ ಅರ್ಧ ಗಂಟೆ ಬಿಡಿ. ಚಾರ್ಜರ್ ತೆಗೆದು ನೋಡಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ, ಸಡಿಲ ಕಿಂಡಿಯಲ್ಲಿ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಸೇರಿಸುವ ಡಬ್ಬಿ) ಅಲುಗಾಡಿದರೆ ಟೇಕ್ ಮಧ್ಯದಲ್ಲೇ ಕಟ್. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಒಂದು ದಿನ ಹೋಗಿ ಬನ್ನಿ. ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರಬಹುದು.

ಮ್ಯಾಕ್ ತಗೊಂಡರೆ ಒಳ್ಳೇದು ಅಂತಾರಲ್ಲ?

ದುಡ್ಡಿದ್ದರೆ ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಮೈಕ್ ಪಕ್ಕದಲ್ಲೇ ಇಟ್ಟರೂ ಸದ್ದಿಲ್ಲ. ನಮ್ಮಂಥ ಒಂದೇ ರೂಮಿನವರಿಗೆ ಇದು ದೊಡ್ಡ ವರ. ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ, ಡ್ರೈವರ್ (ಹೊರಗಿನ ಸಾಧನವನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಗೋಳು ಕಮ್ಮಿ. ಬೇಕಾದರೆ ಮುಂದೆ ಲಾಜಿಕ್ ಪ್ರೊಗೆ ಹೋಗಬಹುದು, ಗ್ಯಾರೇಜ್‌ಬ್ಯಾಂಡ್ ಪ್ರಾಜೆಕ್ಟ್ ನೇರವಾಗಿ ಅದರಲ್ಲಿ ತೆರೆಯುತ್ತದೆ. ತೊಂದರೆ ಏನೆಂದರೆ ಈ ಚಿಪ್‌ನ ಮ್ಯಾಕ್‌ಗಳಿಗೆ ಆಮೇಲೆ ರ್‍ಯಾಮ್ ಸೇರಿಸಲು ಆಗುವುದೇ ಇಲ್ಲ. ತಗೊಂಡ ದಿನ ಎಷ್ಟಿತ್ತೋ ಅಷ್ಟೇ ಕೊನೆತನಕ.

ಆದರೆ ಸಾಲ ಮಾಡಿ ಮ್ಯಾಕ್ ತಗೊಂಡು, ಮೈಕಿಗೆ ದುಡ್ಡಿಲ್ಲದೆ ಇಯರ್‌ಫೋನ್ ಮೈಕಿನಲ್ಲಿ ಹಾಡುತ್ತಿರುವ ಹುಡುಗರನ್ನು ನಾನೇ ಮೂರು ಜನ ನೋಡಿದ್ದೇನೆ.

ನನ್ನದು ವಿಂಡೋಸ್ 10. ನಡೆಯುತ್ತಾ?

ನಡೆಯುತ್ತದೆ. ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, ಹಾಗಾಗಿ ಅದೇ ಮೆಷಿನ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವವರು ಯೋಚನೆ ಮಾಡಿ. ಬರೀ ರೆಕಾರ್ಡಿಂಗ್‌ಗೆ ಇಟ್ಟು ನೆಟ್ ತೆಗೆದುಬಿಟ್ಟರೆ ಹಾಡು ಹಾಡಾಗಿಯೇ ಇರುತ್ತದೆ. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಹೆಚ್ಚು ಕಮ್ಮಿ ಎಂಟನೇ ತಲೆಮಾರಿನಿಂದ ಮೇಲೆ ಇರಬೇಕು. ಮೇಲೆ ಎಂಟು ಎಂಟು ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಸರಿ, ಸಾಫ್ಟ್‌ವೇರ್ ಯಾವುದು? ಫ್ರೀ ಇರೋದೇ ಹೇಳಿ.

ನಿಮ್ಮ ಕೆಲಸ ಏನು ಅನ್ನುವುದರ ಮೇಲೆ.

ಒಂದೇ ಮೈಕು, ಒಬ್ಬರೇ ಹಾಡುವುದು ಅಥವಾ ಓದುವುದು, ಬೇಡದ್ದು ಕತ್ತರಿಸುವುದು, ಇಷ್ಟೇ ಆದರೆ ಆಡಾಸಿಟಿ. 2000ದಿಂದ ಇದೆ, ಪೂರ್ತಿ ಉಚಿತ. ಆದರೆ ಹತ್ತು ಟ್ರ್ಯಾಕ್ ಸೇರಿಸಿ ಹಾಡು ಕಟ್ಟುವ ಕೆಲಸಕ್ಕೆ ನನಗೆ ಅದು ಒಗ್ಗಲಿಲ್ಲ. ಸೌದೆ ಕೊಡಲಿಯಲ್ಲಿ ಬೀನ್ಸ್ ಹೆಚ್ಚಿದ ಹಾಗೆ.

ಹಾಡು ಕಟ್ಟುವವರಿಗೆ ನಾನು ಹೇಳುವುದು ರೀಪರ್. ಹಿಂದೆ ಎಲ್ಲರ ಕಂಪ್ಯೂಟರ್‌ನಲ್ಲೂ ವಿನ್‌ಆಂಪ್ ಅಂತ ಹಾಡು ಕೇಳುವ ಸಾಫ್ಟ್‌ವೇರ್ ಇರುತ್ತಿತ್ತಲ್ಲ, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಇದೂ. 60 ದಿನ ಏನೂ ಕಟ್ ಇಲ್ಲದೆ ಪೂರ್ತಿ ಬಳಸಿ ನೋಡಬಹುದು. ಆಮೇಲೆ ಮನೆ ಮಟ್ಟಿಗೆ ಬಳಸುವವರಿಗೆ, ಸಣ್ಣ ಪ್ರಮಾಣದಲ್ಲಿ ದುಡಿಯುವವರಿಗೆ 60 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಸಾವಿರ ಚಿಲ್ಲರೆ. ಒಂದೇ ಸಲ ಕಟ್ಟುವುದು, ತಿಂಗಳ ಬಾಡಿಗೆ ಇಲ್ಲ. 7ನೇ ಆವೃತ್ತಿಯಲ್ಲಿ ತಗೊಂಡ ಲೈಸೆನ್ಸ್ 8.99ರವರೆಗೆ ನಡೆಯುತ್ತದೆ. 60 ದಿನ ಆದ ಮೇಲೂ ಅದು ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ಒಂದು ನೆನಪೋಲೆ ತೋರಿಸುತ್ತದೆ. ಹಾಗಂತ ವರ್ಷಗಟ್ಟಲೆ ಪುಕ್ಕಟೆ ಬಳಸಬೇಡಿ. ಮೊದಲ ಸಂಪಾದನೆ ಬಂದ ದಿನ ಕಟ್ಟಿಬಿಡಿ, ನಾನು ಹಾಗೇ ಮಾಡಿದ್ದು. ಫೈಲ್ ಚಿಕ್ಕದು, ಹಳೆಯ ಮೆಷಿನ್‌ನಲ್ಲೂ ಓಡುತ್ತದೆ. ಮೊದಲ ವಾರ ಮುಖ ಸಿಂಡರಿಸಿಕೊಂಡ ಹಾಗೆ ಕಾಣುತ್ತದೆ, ಎಲ್ಲಿ ಒತ್ತಿದರೂ ಉದ್ದುದ್ದ ಮೆನು. ಒಳಗೇ ಈಕ್ಯೂ (ಧ್ವನಿಯ ದಪ್ಪ, ತೆಳು ಹೊಂದಿಸುವುದು), ಕಂಪ್ರೆಸರ್ (ಜೋರು, ಮೆಲು ಸಮ ಮಾಡುವುದು), ರಿವರ್ಬ್ ಎಲ್ಲ ಇವೆ. ವಾದ್ಯಗಳು ಮಾತ್ರ ಇಲ್ಲವೇ ಇಲ್ಲ ಅನ್ನಬಹುದು, ಅವನ್ನು ಹೊರಗಿಂದ ತರಬೇಕು. ವೈಟಲ್, ಸರ್ಜ್ ಎಕ್ಸ್‌ಟಿ ಅಂತ ಸಿಂಥ್‌ಗಳಿವೆ (ಕಂಪ್ಯೂಟರ್ ಒಳಗೇ ನಾದ ಹುಟ್ಟಿಸುವ ವಾದ್ಯಗಳು), ರಿವರ್ಬ್‌ಗೆ ವಲ್ಹಲ್ಲಾ ಸೂಪರ್‌ಮ್ಯಾಸಿವ್, ಈಕ್ಯೂಗೆ ಟಿಡಿಆರ್ ನೋವಾ. ಇವೆಲ್ಲ ಉಚಿತವಾಗಿ ಸಿಗುತ್ತವೆ.

ಒಂದು ಪೈಸೆಯೂ ಕೊಡಲಾರೆ ಅನ್ನುವವರಿಗೆ ಟ್ರ್ಯಾಕ್‌ಷನ್‌ನವರ ವೇವ್‌ಫಾರ್ಮ್ ಫ್ರೀ ಇದೆ, ಟ್ರ್ಯಾಕ್‌ಗಳಿಗೆ ಮಿತಿ ಇಲ್ಲ. ಪ್ರೊಟೂಲ್ಸ್ ಇಂಟ್ರೊ ಉಚಿತ, ಆದರೆ ಧ್ವನಿ ಟ್ರ್ಯಾಕ್ ಎಂಟೇ. ಬರೀ ಬೀಟ್ ಮಾಡುವ ಹುಡುಗರು ಎಲ್‌ಎಂಎಂಎಸ್ ನೋಡಿ, ಅದರಲ್ಲಿ ಹಾಡು ರೆಕಾರ್ಡ್ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ಎಫ್‌ಎಲ್ ಸ್ಟುಡಿಯೋ ಕೇಳುವವರು ಬಹಳ. ಒಳ್ಳೆಯದೇ, ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಉಚಿತ. ಆದರೆ ಕಮ್ಮಿ ಬೆಲೆಯ ಫ್ರೂಟಿ ಎಡಿಷನ್‌ನಲ್ಲಿ ಬಹಳ ಕಾಲ ಮೈಕಿನಿಂದ ಧ್ವನಿ ರೆಕಾರ್ಡ್ ಮಾಡಲು ಆಗುತ್ತಿರಲಿಲ್ಲ, ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಬೇಕಿತ್ತು. ಇದು ಗೊತ್ತಿಲ್ಲದೆ ದುಡ್ಡು ಕಟ್ಟಿ ನನಗೆ ಫೋನ್ ಮಾಡಿದವರಿದ್ದಾರೆ.

ಇಂಟರ್‌ಫೇಸ್ ಡಬ್ಬದ ಒಳಗೆ ಒಂದು ಚೀಟಿ ಇರುತ್ತದೆ, ಎಸೆಯಬೇಡಿ. ಬಹಳಷ್ಟರ ಜೊತೆ ಏಬಲ್‌ಟನ್ ಲೈವ್ ಲೈಟ್‌ನಂಥ ಸಾಫ್ಟ್‌ವೇರ್ ಉಚಿತವಾಗಿ ಬರುತ್ತದೆ.

ಕ್ರ್ಯಾಕ್ ಹಾಕ್ಕೊಂಡ್ರೆ ಏನಾಗುತ್ತೆ?

ಕಳ್ಳ ಕಾಪಿಯ ಜೊತೆ ವೈರಸ್ ಬರುತ್ತದೆ, ಒಮ್ಮೊಮ್ಮೆ ಮಿಕ್ಸ್ ಮಧ್ಯದಲ್ಲಿ ನಿಲ್ಲುತ್ತದೆ, ಅಪ್‌ಡೇಟ್ ಮಾಡಲು ಆಗುವುದಿಲ್ಲ. ಸರಿ ತಪ್ಪು ನಿಮಗೆ ಗೊತ್ತಿದೆ, ಅದನ್ನು ನಾನು ಹೇಳಬೇಕಾಗಿಲ್ಲ. ಉಚಿತವಾದ್ದೇ ಇಷ್ಟೊಂದು ಇರುವಾಗ ಯಾಕೆ ಬೇಕು ಹೇಳಿ.

ಸೌಂಡ್ ಕಾರ್ಡ್, ಇಂಟರ್‌ಫೇಸ್ ಅಂತಾರಲ್ಲ, ಅದು ಬೇಕಾ?

ಬೇಕು. ಕಂಪ್ಯೂಟರ್‌ಗಿಂತ ಮೊದಲು ಬೇಕು ಅಂತಲೇ ಹೇಳುತ್ತೇನೆ. ಲ್ಯಾಪ್‌ಟಾಪ್‌ನ ಮೈಕ್ ಕಿಂಡಿ ಮೀಟಿಂಗ್‌ಗೆ ಇರುವುದು. ಇಂಟರ್‌ಫೇಸ್ ಅಂದರೆ ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸಿ ಅಂಕೆಗಳಾಗಿ ಮಾಡಿ ಯುಎಸ್‌ಬಿಯಲ್ಲಿ ಕಳಿಸುವ ಡಬ್ಬಿ. ಕಂಡೆನ್ಸರ್ ಮೈಕಿಗೆ (ಸಣ್ಣ ಸದ್ದನ್ನೂ ಹಿಡಿಯುವ, ಕರೆಂಟ್ ಬೇಕಾಗುವ ಮೈಕು) ಬೇಕಾದ 48 ವೋಲ್ಟನ್ನೂ ಅದೇ ಕೊಡುತ್ತದೆ. ಬೆರಿಂಜರ್ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಹದ ಎರಡು ಮೈಕಿನವು ಮನೆಗೆ ಸಾಕು. ಬೆರಿಂಜರ್‌ನವರ ತೀರಾ ಅಗ್ಗದ ಯುಎಂ2 ಕಲಿಯುವವರಿಗೆ ಪರವಾಗಿಲ್ಲ, ಆದರೆ 16 ಬಿಟ್. ಒಬ್ಬರೇ ಆದರೂ ಎರಡು ಮೈಕಿನದೇ ತಗೊಳ್ಳಿ. ಹಾರ್ಮೋನಿಯಂ ನುಡಿಸುತ್ತಾ ಹಾಡುವವರಿಗೆ ಒಂದು ಮೈಕಿನ ಡಬ್ಬಿ ಎರಡನೇ ದಿನಕ್ಕೇ ಸಾಲದು.

ಹಾಡಿದ್ದು ತಡವಾಗಿ ಕೇಳುತ್ತೆ. ತಡ ಕಮ್ಮಿ ಮಾಡಿದರೆ ಚಟಪಟ ಸದ್ದು. ಏನು ಮಾಡಲಿ?

ಇದು ಬಫರ್ ಮಾತು. ಕಂಪ್ಯೂಟರ್ ಧ್ವನಿಯನ್ನು ಹನಿ ಹನಿಯಾಗಿ ತಗೊಳ್ಳುವುದಿಲ್ಲ, ಚೊಂಬು ಚೊಂಬಾಗಿ ತಗೊಳ್ಳುತ್ತದೆ. ಚೊಂಬು ದೊಡ್ಡದಾದರೆ ತುಂಬಲು ಹೊತ್ತು ಬೇಕು, ಅದೇ ತಡ. ಚಿಕ್ಕದಾದರೆ ಓಡಾಟ ಜಾಸ್ತಿ, ಕಂಪ್ಯೂಟರ್‌ಗೆ ಏದುಸಿರು ಬಂದು ನಡುವೆ ಚೆಲ್ಲುತ್ತದೆ, ಅದೇ ಚಟಪಟ. 48 ಕಿಲೋಹರ್ಟ್ಜ್‌ನಲ್ಲಿ 256ರ ಬಫರ್ ಅಂದರೆ 5.3 ಮಿಲಿಸೆಕೆಂಡ್, 1024 ಅಂದರೆ 21. ಹೋಗಿ ಬರುವುದು ಸೇರಿ ಇದರ ಎರಡರಷ್ಟಕ್ಕಿಂತ ಜಾಸ್ತಿಯೇ ಆಗುತ್ತದೆ. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತು ಮಿಲಿಸೆಕೆಂಡ್ ತಡ ಅಂದರೆ ಮೂರೂವರೆ ಮೀಟರ್ ದೂರ ಕೂತ ಮೃದಂಗದವರನ್ನು ಕೇಳಿದ ಹಾಗೆ, ಅಷ್ಟೇನೂ ತೊಂದರೆ ಇಲ್ಲ. ಹಾಡುವಾಗ 128 ಅಥವಾ 256 ಇಡಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ.

ವಿಂಡೋಸ್‌ನಲ್ಲಿ ಡ್ರೈವರ್ ಆಯ್ಕೆಯಲ್ಲಿ ಎಸಿಯೊ (ASIO) ಅಂತ ಇರುವುದನ್ನೇ ಹಾಕಿ. 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ದಾರಿ ಅದು, ವಿಂಡೋಸ್‌ನ ಮಾಮೂಲಿ ಧ್ವನಿ ದಾರಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ಹೋಗುತ್ತದೆ. ನಿಮ್ಮ ಇಂಟರ್‌ಫೇಸ್ ಕಂಪನಿಯದೇ ಡ್ರೈವರ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಮಾತ್ರ ಎಸಿಯೊ4ಆಲ್.

ಇಷ್ಟಾದರೂ ಚಟಪಟ ನಿಲ್ಲದಿದ್ದರೆ ವೈಫೈ ಆಫ್ ಮಾಡಿ ನೋಡಿ. ತಮಾಷೆ ಅಲ್ಲ. ನನ್ನ ಮೆಷಿನ್‌ನಲ್ಲಿ ಹದಿನೈದು ದಿನ ಹುಡುಕಿದ್ದು ಕೊನೆಗೆ ವೈಫೈ ಡ್ರೈವರ್. ಲೇಟೆನ್ಸಿಮಾನ್ ಅಂತ ಉಚಿತ ಸಾಧನ ಇದೆ, ಯಾವ ಡ್ರೈವರ್ ಅಡ್ಡ ಬರುತ್ತಿದೆ ಅಂತ ಹೆಸರು ಹಿಡಿದು ತೋರಿಸುತ್ತದೆ. ಪವರ್ ಸೆಟ್ಟಿಂಗ್ ಹೈ ಪರ್ಫಾರ್ಮೆನ್ಸ್‌ಗೆ ಇಡಿ, ಯುಎಸ್‌ಬಿ ಹಬ್ ತೆಗೆದು ನೇರ ಕಿಂಡಿಗೆ ಹಾಕಿ. ಇಷ್ಟೆಲ್ಲ ಬೇಡ ಅಂದರೆ ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ನಿಮ್ಮ ಧ್ವನಿ ಕಂಪ್ಯೂಟರ್‌ಗೆ ಹೋಗಿ ಬರದೆ ನೇರ ಕಿವಿಗೆ.

ಹಿಂದೆ ಗುಂಯ್ ಅಂತ ಒಂದು ಸದ್ದು ಬರುತ್ತೆ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ನಿಮ್ಮ ಮನೆಯ ಅರ್ಥಿಂಗ್ ನೋಡಿಸಿ, ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಮೂರನೇದಕ್ಕೆ ವೈರೇ ಇರುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೂ ಹೀಗಾಗುತ್ತದೆ, ಸೈನ್ ವೇವ್ ಆದರೆ ಕಮ್ಮಿ. ರೂಮಿನ ಡಿಮ್ಮರ್, ಹಳೆಯ ಟ್ಯೂಬ್‌ಲೈಟ್ ಚೋಕ್ ಕೂಡ ಕಾರಣ ಇರಬಹುದು.

ಏಪ್ರಿಲ್ ಮೇನಲ್ಲಿ ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ, ನೆಟ್ ಕೇಬಲ್ ಕೂಡ.

ನಮ್ಮದು ಶೀಟಿನ ಮನೆ, ಮಳೆ ಬಂದರೆ ಮುಗೀತು. ಏನಾದರೂ ಉಪಾಯ?

ಮಲೆನಾಡಿನ ಮಳೆಗೆ ಸಾಫ್ಟ್‌ವೇರ್ ಇಲ್ಲ. ಶೀಟಿನ ಮೇಲೆ ಬೀಳುವ ಮಳೆಯನ್ನು ನಾಯ್ಸ್ ರಿಡಕ್ಷನ್ ಹಾಕಿ ತೆಗೆದರೆ ಹಾಡಿದವರು ಬಾವಿಯೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಕಾಯಬೇಕು, ಇಲ್ಲ ಮೇಲೆ ಆರ್‌ಸಿಸಿ ಇರುವ ರೂಮು ಹುಡುಕಬೇಕು. ಡೈನಮಿಕ್ ಮೈಕನ್ನು (ಹತ್ತಿರದ ಸದ್ದನ್ನೇ ಹೆಚ್ಚು ಹಿಡಿಯುವ ಬಗೆ) ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಇಟ್ಟು ಹಾಡಿದರೆ ಸ್ವಲ್ಪ ಪಾರಾಗಬಹುದು. ಶೂರ್ ಎಸ್‌ಎಂ58 ತರಹದ್ದು. ಕಂಡೆನ್ಸರ್ ಮೈಕು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಬಿಡುವುದಿಲ್ಲ.

ರೂಮಿನ ಪ್ರತಿಧ್ವನಿಗೆ ಮೊಟ್ಟೆ ಟ್ರೇ ಅಂಟಿಸಬೇಡಿ, ಅದು ಏನೂ ಮಾಡುವುದಿಲ್ಲ, ಜಿರಲೆ ಬರುತ್ತದೆ. ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ದಪ್ಪ ಕಂಬಳಿ, ಹತ್ತಿ ಹಾಸಿಗೆ ನಿಲ್ಲಿಸಿ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರ ಮುಂದೆ ಹಾಡಿಸಿ. ಒಬ್ಬರು ಖಾಲಿ ಕಾಫಿ ಗೋಣಿಚೀಲಗಳನ್ನು ಎಂಟೆಂಟು ಮಡಿಕೆ ಹಾಕಿ ಗೋಡೆಗೆ ಹೊಡೆದಿದ್ದರು. ಧ್ವನಿ ಚೆನ್ನಾಗಿತ್ತು, ಆದರೆ ಪ್ರತಿ ಟೇಕಿಗೂ ಒಂದು ಸೀನು.

ಮಳೆಗಾಲದಲ್ಲಿ ಮೈಕನ್ನು ಸ್ಟ್ಯಾಂಡ್ ಮೇಲೇ ಬಿಡಬೇಡಿ. ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಶೀತಕ್ಕೆ ಕಂಡೆನ್ಸರ್ ಮೈಕು ಚಿಟಪಿಟ ಅನ್ನಲು ಶುರು ಮಾಡುತ್ತದೆ.

ನಾನು ಕರ್ನಾಟಕ ಸಂಗೀತ ಹಾಡುವುದು. ತಂಬೂರಿ ಹೇಗೆ? ಆಟೋಟ್ಯೂನ್ ಹಾಕಬಹುದಾ?

ಆರ್.ಕೆ. ಶ್ರೀಕಂಠನ್ ಅವರ ರುದ್ರಪಟ್ಟಣ ಇರುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬರದೆ ಇರುತ್ತಾ. ತಂಬೂರಿಯನ್ನು ರೂಮಿನಲ್ಲಿ ಜೋರಾಗಿ ಹಾಕಿ ಹಾಡಬೇಡಿ. ನಿಮ್ಮ ಧ್ವನಿಯ ಟ್ರ್ಯಾಕಿಗೆ ಅದು ಸೇರಿಕೊಂಡರೆ ಆಮೇಲೆ ಒಂದು ಸಾಲು ಕತ್ತರಿಸಿ ಜೋಡಿಸಿದಾಗ ಶ್ರುತಿ ಕುಪ್ಪಳಿಸುತ್ತದೆ. ಅದನ್ನು ಬೇರೆ ಟ್ರ್ಯಾಕ್‌ನಲ್ಲಿ ಇಟ್ಟು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಕೇಳುತ್ತಾ ಹಾಡಿ. ಹೆಡ್‌ಫೋನ್ ಹಾಕಿದರೆ ಶ್ರುತಿ ತಪ್ಪುತ್ತೆ ಅನ್ನುವವರು ಒಂದು ಕಿವಿ ತೆರೆದಿಟ್ಟುಕೊಳ್ಳಿ.

ಆಟೋಟ್ಯೂನ್ ಬೇಡ. ಅದು ಸಪ್ತಕವನ್ನು ಹನ್ನೆರಡು ಸಮ ಮೆಟ್ಟಿಲು ಅಂದುಕೊಂಡು ಪ್ರತಿ ಸ್ವರವನ್ನೂ ಹತ್ತಿರದ ಮೆಟ್ಟಿಲಿಗೆ ಎಳೆದು ನಿಲ್ಲಿಸುತ್ತದೆ. ತೋಡಿಯ ಗಾಂಧಾರ ನಿಲ್ಲುವ ಸ್ವರವೇ ಅಲ್ಲವಲ್ಲ, ಓಲಾಡುವುದೇ ಅದರ ಜೀವ. ಅದನ್ನು ಮೆಟ್ಟಿಲ ಮೇಲೆ ಕೂರಿಸಿದರೆ ಗಮಕ ಹೋಗಿ ಹಾರ್ಮೋನಿಯಂ ಕೀಲಿ ಒತ್ತಿದ ಹಾಗಾಗುತ್ತದೆ. ಒಂದು ಕಡೆ ತಪ್ಪಿದ್ದರೆ ಆ ಸಾಲು ಮತ್ತೆ ಹಾಡಿ. ಅದಕ್ಕೇ ತಾನೆ ಮನೆಯಲ್ಲಿ ರೆಕಾರ್ಡ್ ಮಾಡುವುದು, ಗಂಟೆ ಲೆಕ್ಕದ ಬಾಡಿಗೆ ಇಲ್ಲವಲ್ಲ.

44.1 ಕಿಲೋಹರ್ಟ್ಜ್ ಇಡಲಾ, 48 ಇಡಲಾ? ಲೆವೆಲ್ ಎಷ್ಟು?

ಯೂಟ್ಯೂಬ್‌ಗೆ, ವಿಡಿಯೋಗೆ 48. ಸಿಡಿಯ ಲೆಕ್ಕ 44.1. ಯಾವುದಾದರೂ ಒಂದು ಇಡಿ, ಮಧ್ಯದಲ್ಲಿ ಬದಲಾಯಿಸಬೇಡಿ. 96, 192 ಎಲ್ಲ ಮನೆಗೆ ಬೇಡ. 24 ಬಿಟ್ ಇಟ್ಟು, ಜೋರಾಗಿ ಹಾಡಿದಾಗ ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ಬಂದರೆ ಸಾಕು. ಕೆಂಪು ದೀಪ ಬಂತೆಂದರೆ ಆ ಟೇಕ್ ಕೆಟ್ಟಿತು ಅಂತಲೇ ಲೆಕ್ಕ.

ಲಿನಕ್ಸ್‌ನಲ್ಲಿ ಆಗುತ್ತಾ?

ಆಗುತ್ತದೆ. ಉಬುಂಟು ಸ್ಟುಡಿಯೋ ಹಾಕಿ, ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ಇದೆ, ರೀಪರ್ ಕೂಡ ಲಿನಕ್ಸ್‌ಗೆ ಇದೆ. ಡ್ರೈವರ್ ಇಲ್ಲದೆಯೇ ನಡೆಯುವ ಕ್ಲಾಸ್ ಕಂಪ್ಲಯಂಟ್ ಇಂಟರ್‌ಫೇಸ್ ಆಗಿರಬೇಕು. ಲಿನಕ್ಸ್ ಅಂದರೆ ಏನು ಅಂತ ಕೇಳುವವರು ಈ ಕಡೆ ಬರಬೇಡಿ, ಹಾಡುವುದು ಬಿಟ್ಟು ಬೇರೆ ಎಲ್ಲ ಕಲಿಯುತ್ತೀರಿ.

ಕೈಯಲ್ಲಿ 40 ಸಾವಿರ ಇದೆ. ಹೇಗೆ ಹಂಚಲಿ?

ಕಂಪ್ಯೂಟರ್‌ಗೆ ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ. ಮೇಲೆ ಹೇಳಿದಂಥ ಹಳೆಯ ಆಫೀಸ್ ಲ್ಯಾಪ್‌ಟಾಪ್ ಒಂದು. ಉಳಿದದ್ದರಲ್ಲಿ ಇಂಟರ್‌ಫೇಸ್, ಒಂದು ಮೈಕು, ಕಿವಿ ಮುಚ್ಚುವ ಹೆಡ್‌ಫೋನ್, ಸ್ಟ್ಯಾಂಡು, ಕೇಬಲ್ಲು, ಪಾಪ್ ಫಿಲ್ಟರ್ (ಹಾಡುವಾಗ ಉಸಿರು ಮೈಕಿಗೆ ಬಡಿಯದಂತೆ ತಡೆಯುವ ಜಾಲರಿ). ಕೇಬಲ್ ಮತ್ತು ಸ್ಟ್ಯಾಂಡ್ ಎಲ್ಲರೂ ಮರೆಯುತ್ತಾರೆ, ಪಾರ್ಸಲ್ ಬಿಚ್ಚಿದ ಮೇಲೆ ನೆನಪಾಗುತ್ತದೆ. ಸ್ಪೀಕರ್ ಈಗ ಬೇಡ. ಸಾಫ್ಟ್‌ವೇರ್ 60 ದಿನ ಪುಕ್ಕಟೆ ಇದೆಯಲ್ಲ, ಅಷ್ಟರಲ್ಲಿ ಐದು ಸಾವಿರ ಹೊಂದಿಸಿಕೊಳ್ಳಿ. ಕಂಪ್ಯೂಟರ್ ಈಗಾಗಲೇ ಮನೆಯಲ್ಲಿದ್ದರೆ ಆ ದುಡ್ಡು ಮೈಕಿಗೆ ಹಾಕಿ. ಇನ್ನೂ ಹತ್ತು ವರ್ಷ ಆದರೂ ಒಳ್ಳೆ ಮೈಕು ಮೈಕೇ, ಇವತ್ತಿನ ಲ್ಯಾಪ್‌ಟಾಪ್ ಅಷ್ಟೊತ್ತಿಗೆ ಗುಜರಿ.

ಅಜ್ಜನ ಕಾಲದ ಕ್ಯಾಸೆಟ್ ಇವೆ. ಕಂಪ್ಯೂಟರ್‌ಗೆ ಹಾಕ್ಕೊಳ್ಳಬಹುದಾ?

ಇದೇ ಸಾಮಾನಿನಲ್ಲಿ ಹಾಕಿಕೊಳ್ಳಬಹುದು. ಟೇಪ್ ರೆಕಾರ್ಡರ್‌ನ ಲೈನ್ ಔಟ್‌ನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ಕಿಂಡಿಯಿಂದ ಇಂಟರ್‌ಫೇಸ್‌ನ ಲೈನ್ ಕಿಂಡಿಗೆ ಕೇಬಲ್ ಹಾಕಿ ಆಡಾಸಿಟಿಯಲ್ಲಿ ಹಿಡಿಯಿರಿ. ಮೊದಲು ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಟೇಪಿನ ಹೆಡ್ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಕ್ಯಾಸೆಟ್ ಅನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ, ಅಂಟಿಕೊಂಡ ಸುರುಳಿ ಬಿಡುತ್ತದೆ. ಬಿಳಿ ಬೂಷ್ಟು ಹಿಡಿದಿದ್ದರೆ ಓಡಿಸಬೇಡಿ, ಗೊತ್ತಿದ್ದವರ ಕೈಗೆ ಕೊಡಿ. ಸಿ-60 ಆದರೆ ಒಂದು ಮಗ್ಗುಲು 30 ನಿಮಿಷ, ಸಿ-90 ಆದರೆ 45. ಹಾಡು ಮುಗಿಯಿತು ಅಂತ ನಿಲ್ಲಿಸಬೇಡಿ, ಟೇಪ್ ತಾನಾಗಿ ಟಕ್ ಅಂತ ನಿಲ್ಲುವವರೆಗೆ ಬಿಡಿ. ನಮ್ಮ ಮನೆಯ ಒಂದರಲ್ಲಿ ಭಜನೆ ಮುಗಿದು ಆರು ನಿಮಿಷ ಆದ ಮೇಲೆ ಅಜ್ಜ ಯಾರ ಹತ್ತಿರವೋ ಮೆಣಸಿನ ಬಳ್ಳಿ ವಿಷಯ ಮಾತಾಡುತ್ತಿದ್ದಾರೆ.